ಪೂಜೆಗೆ ಮಾತ್ರ ತೆರೆಯುತ್ತಿದ್ದ ಕೋಣೆ

ಮೊನ್ನೆ ಭಾನುವಾರ ಅಕ್ಕನ ಮಗಳು ನಮ್ಮ ಮನೆಯ ಹಾಲ್‌ನಲ್ಲಿ ಕೂತು ಉಗುರಿನ ಬಣ್ಣ ಒರೆಸುತ್ತಿದ್ದಳು. ಸಣ್ಣ ಬಾಟಲಿಯಿಂದ ಹತ್ತಿಗೆ ಏನೋ ಸುರಿದಳು. ಅಡುಗೆಮನೆಯಲ್ಲಿದ್ದ ನನ್ನ ಮೂಗಿಗೆ ಆ ವಾಸನೆ ಬಂದದ್ದೇ ಒಗ್ಗರಣೆ ಸೀದದ್ದೂ ತಿಳಿಯಲಿಲ್ಲ. ಅಸಿಟೋನ್. ಸಿಹಿ ಎನ್ನಲೂ ಆಗದ, ಘಾಟು ಎನ್ನಲೂ ಆಗದ, ಮೂಗಿನೊಳಗೆ ತಣ್ಣಗೆ ಇಳಿಯುವ ವಾಸನೆ. "ಏನಾಯ್ತು ಚಿಕ್ಕಮ್ಮ, ತಲೆನೋವಾ?" ಎಂದು ಅವಳು ಕೇಳಿದಳು. ಇಲ್ಲ ಎಂದೆ. ನನಗೆ ನೆನಪಾಗಿದ್ದು ಜನ್ನಾಪುರದ ಮೇಡಂ. ಅವರ ಬಗ್ಗೆ ಹೇಳಲು ಕೂತರೆ ಅಡುಗೆ ಪೂರ್ತಿ ಸೀಯುತ್ತದೆ ಎಂದು ಸುಮ್ಮನಾದೆ.

ನಾನು ಎಂ.ಎಸ್ಸಿ. ಓದುವಾಗ ಅವರು ನಮ್ಮ ರಸಾಯನಶಾಸ್ತ್ರ ವಿಭಾಗದಲ್ಲಿ ಅತಿಥಿ ಉಪನ್ಯಾಸಕಿ. ಯಾವ ವಿಶ್ವವಿದ್ಯಾಲಯ ಎಂದು ಕೇಳಬೇಡಿ, ನಿಮಗೆ ಗೊತ್ತಿರುವ ಯಾವುದಾದರೂ ಆಗಬಹುದು. ಅತಿಥಿ ಎಂಬ ಹೆಸರಿನಲ್ಲಿ ಸತ್ಕಾರವೇನೂ ಇರಲಿಲ್ಲ. ಪಾಠ ಮಾಡುವುದು ಕಾಯಂ ಮೇಷ್ಟ್ರುಗಳಿಗಿಂತ ಹೆಚ್ಚು, ಕೂರಲು ಸ್ವಂತ ಕುರ್ಚಿ ಇಲ್ಲ. ಪ್ರತಿ ವರ್ಷ ಹೊಸದಾಗಿ ಆಯ್ಕೆಯಾಗಬೇಕು. ವಿಭಾಗದ ಮುಖ್ಯಸ್ಥರು ಒಮ್ಮೆ ತಲೆ ಅಡ್ಡ ಆಡಿಸಿದರೆ ಮುಂದಿನ ವರ್ಷ ಮನೆಯಲ್ಲೇ. ಆದ್ದರಿಂದ ಅತಿಥಿಗಳೆಲ್ಲ ಮುಖ್ಯಸ್ಥರ ಎದುರು ಬಾಯಿಗೆ ಬೀಗ ಹಾಕಿಕೊಂಡಿರುತ್ತಿದ್ದರು. ನಮ್ಮ ಮೇಡಂ ಒಬ್ಬರನ್ನು ಬಿಟ್ಟು.

ನಾನು ಭದ್ರಾವತಿ ಹಳೇನಗರದವಳು. ಅವರು ಜನ್ನಾಪುರದವರು. ಬೆಳಿಗ್ಗೆ ಶಿವಮೊಗ್ಗದ ಬಸ್ಸಿನಲ್ಲಿ ಇಬ್ಬರೂ ಸಿಗುತ್ತಿದ್ದೆವು. ಕುಳ್ಳಗೆ, ದುಂಡಗೆ, ಹೆಗಲಿಗೆ ದೊಡ್ಡದೊಂದು ಚೀಲ, ಕೋಪವಂತೂ ಮೂಗಿನ ತುದಿಯಲ್ಲೇ. ಕಾರ್ಖಾನೆಯ ಕ್ವಾರ್ಟರ್ಸ್‌ನಲ್ಲಿ ಬೆಳೆದವರಾದ್ದರಿಂದ ಕಂಡಕ್ಟರ್ ಜೊತೆ ಕನ್ನಡದಲ್ಲಿ ಜಗಳ ಶುರು ಮಾಡಿ ತಮಿಳಿನಲ್ಲಿ ಮುಗಿಸಬಲ್ಲವರಾಗಿದ್ದರು. ಸೀಟು ಸಿಕ್ಕರೆ ಮಲವಗೊಪ್ಪ ದಾಟುವವರೆಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಆಮೇಲೆ ಶುರುವಾಗುತ್ತಿತ್ತು ಪ್ರಶ್ನೆ. "ನಿನ್ನೆ ಹೇಳ್ಕೊಟ್ಟಿದ್ದು ಅರ್ಥ ಆಯ್ತಾ? ಆಗ್ಲಿಲ್ಲ ಅಂದ್ರೆ ಆಗ್ಲಿಲ್ಲ ಅನ್ನು ಮಾರಾಯ್ತಿ. ತಲೆ ಆಡಿಸೋದಕ್ಕೆ ನಮ್ಮನೇಲಿ ಎಮ್ಮೆ ಇದೆ."

ನಮ್ಮ ವಿಭಾಗದ ಬಾಗಿಲಲ್ಲಿ ಒಂದು ದೊಡ್ಡ ಫ್ಲೆಕ್ಸ್ ಇತ್ತು. ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಸಂಶೋಧನೆಗೆ ವಿಪುಲ ಅವಕಾಶಗಳು ಎಂದು ಬರೆದು, ಪಕ್ಕದಲ್ಲಿ ಬೆಳ್ಳನೆಯ ಯಂತ್ರವೊಂದರ ಫೋಟೋ ಹಾಕಿದ್ದರು. ಯಾವುದೇ ವಸ್ತುವಿನ ಮೂಲಕ ಕಣ್ಣಿಗೆ ಕಾಣದ ಬೆಳಕನ್ನು ಹಾಯಿಸಿ, ಅದರೊಳಗೆ ಎಂಥ ಬಂಧಗಳಿವೆ ಎಂದು ಗೆರೆ ಎಳೆದು ತೋರಿಸುವ ಯಂತ್ರ ಅದು. ನಾವು ಐ.ಆರ್. ಎನ್ನುತ್ತಿದ್ದೆವು. ಸರ್ಕಾರದ ಅನುದಾನದಲ್ಲಿ ಬಂದದ್ದು. ಬಂದ ದಿನದಿಂದ ಕೊನೆಯ ಕೋಣೆಯಲ್ಲಿ ಹಸಿರು ಬಟ್ಟೆ ಹೊದ್ದು ಮಲಗಿತ್ತು. ಕೋಣೆಗೆ ಬೀಗ, ಬೀಗದ ಕೈ ಮುಖ್ಯಸ್ಥರ ಜೇಬಿನಲ್ಲಿ. ಕೋಣೆ ತೆರೆಯುತ್ತಿದ್ದದ್ದು ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ. ಆ ದಿನ ಯಂತ್ರಕ್ಕೆ ಅರಿಶಿನ ಕುಂಕುಮ, ಚೆಂಡುಹೂವಿನ ಹಾರ, ಮಂಗಳಾರತಿ. ಆಮೇಲೆ ಎಲ್ಲರಿಗೂ ಮಂಡಕ್ಕಿ ಹಂಚಿ ಮತ್ತೆ ಬೀಗ.

ನಗು ಬರುತ್ತದೆ, ಆದರೆ ಆಗ ನಗುವ ಸ್ಥಿತಿಯಲ್ಲಿ ನಾವಿರಲಿಲ್ಲ. ನಮ್ಮ ಪ್ರಾಜೆಕ್ಟಿನ ಸ್ಯಾಂಪಲ್‌ಗಳನ್ನು ಬೇರೆ ಊರಿಗೆ ಕೊರಿಯರ್ ಮಾಡಬೇಕಿತ್ತು. ಗ್ರಾಫ್ ತಿರುಗಿ ಬರುವಷ್ಟರಲ್ಲಿ ಏನು ಕಳಿಸಿದ್ದೆವು ಎಂಬುದೇ ಮರೆಯುತ್ತಿತ್ತು. ಕೆಲಸದ ಸಂದರ್ಶನಕ್ಕೆ ಹೋದ ನಮ್ಮ ಸೀನಿಯರ್‌ಗಳಿಗೆ ಯಾವ ಉಪಕರಣ ನಡೆಸಿದ್ದೀರಿ ಎಂಬ ಪ್ರಶ್ನೆ ಬಂದರೆ, ನೋಡಿದ್ದೇವೆ ಎಂದು ಉತ್ತರಿಸಿ ಬರಿಗೈಯಲ್ಲಿ ಬರುತ್ತಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ನಮ್ಮಲ್ಲಿ ಸರ್ಕಾರ ಕೊಟ್ಟಿತ್ತು.

ಮೇಡಂ ಒಂದು ದಿನ ಬೀಗದ ಕೈ ಕೇಳಲು ಹೋದರು. ನಾನೂ ನನ್ನ ಪ್ರಾಜೆಕ್ಟಿಗೆ ಸಹಿ ಬೇಕೆಂದು ಅಲ್ಲೇ ನಿಂತಿದ್ದೆ. ಮುಖ್ಯಸ್ಥರು ಒರಟರಲ್ಲ, ನಗುತ್ತಲೇ ಮಾತಾಡುವವರು. "ನೋಡಿ ಮೇಡಂ, ನೀವು ಗೆಸ್ಟ್. ಗೆಸ್ಟ್ ಬಂದ್ರೆ ಹಾಲ್‌ನಲ್ಲಿ ಕೂರಿಸಿ ಕಾಫಿ ಕೊಡ್ತೀವಿ. ಅಡುಗೆಮನೆಗೆ ಬಿಟ್ಕೊಳ್ತೀವಾ?"

"ಮನೆಯವ್ರು ಒಲೆನೇ ಹಚ್ಚಲ್ಲ ಅಂದ್ರೆ ನೆಂಟ್ರೇ ಹಚ್ಚಬೇಕಾಗತ್ತೆ ಸರ್. ಮಕ್ಳು ಹಸ್ಕೊಂಡಿದಾರೆ."

ಮುಖ್ಯಸ್ಥರ ನಗು ಅಲ್ಲಿಗೆ ನಿಂತಿತು. ಯಂತ್ರ ಕೆಟ್ಟರೆ ಯಾರು ಜವಾಬ್ದಾರಿ ಎಂದರು. ಅವರ ಭಯವೂ ಸುಳ್ಳಲ್ಲ. ಹಿಂದೆ ಯಾವುದೋ ಉಪಕರಣ ಕೆಟ್ಟು ಅವರೇ ವಿಚಾರಣೆ ಎದುರಿಸಿದ್ದರಂತೆ. ಇದು ನನಗೆ ಬಹಳ ವರ್ಷಗಳ ಮೇಲೆ ತಿಳಿಯಿತು. ತಿಳಿದ ಮೇಲೂ ನಾನು ಅವರನ್ನು ಕ್ಷಮಿಸಲಿಲ್ಲ. ಒಬ್ಬರ ಭಯಕ್ಕಾಗಿ ಅಷ್ಟು ಬ್ಯಾಚಿನ ಮಕ್ಕಳು ಫೋಟೋ ನೋಡಿಕೊಂಡು ಪಾಸಾಗಬೇಕಿತ್ತೇ?

ವಾಪಸ್ಸು ಹೋಗುವಾಗ ಬಸ್ಸಿನಲ್ಲಿ ನಾನು ಹೆದರಿಕೊಂಡೇ ಹೇಳಿದೆ. "ಮೇಡಂ, ಬಿಟ್ಬಿಡಿ. ಮುಂದಿನ ವರ್ಷ ನಿಮ್ಮನ್ನ ತಗೊಳ್ಳಲ್ಲ ಅವ್ರು."

"ತಗೊಳ್ದಿದ್ರೆ ಹೋಗ್ತೀನಿ. ಅದಕ್ಕೆ ಮುಂಚೆ ಆ ಬಟ್ಟೆ ತೆಗೆಸ್ತೀನಿ," ಎಂದು ಕಣ್ಣು ಮುಚ್ಚಿಕೊಂಡರು. ಮನೆಯಲ್ಲಿ ಅವರ ದುಡಿಮೆಯ ಮೇಲೇ ತಾಯಿ, ತಮ್ಮ ಇದ್ದರು. ಅದನ್ನು ಅವರು ಎಂದೂ ಹೇಳಿಕೊಂಡವರಲ್ಲ...

ಆ ವರ್ಷದ ಆಯುಧಪೂಜೆಗೆ ಮೇಡಂ ನಮ್ಮ ಕ್ಲಾಸಿನವರನ್ನೆಲ್ಲ ಬರಹೇಳಿದ್ದರು. ಮುಖ್ಯಸ್ಥರಿಗೆ ಪೂಜೆಯಲ್ಲಿ ಬಹಳ ಶಿಸ್ತು. ರಜೆಯಿದ್ದರೂ ಹಬ್ಬದ ದಿನವೇ ಆಗಬೇಕು, ಸಿಬ್ಬಂದಿಯ ಮನೆಯವರೂ ಬರಬೇಕು. ಅಂದೂ ಎಲ್ಲರೂ ಬಂದಿದ್ದರು. ಬೂದುಗುಂಬಳಕಾಯಿ ಒಡೆದದ್ದಾಯಿತು, ಆರತಿಯಾಯಿತು, ಕೈ ಕೈಗೆ ಮಂಡಕ್ಕಿ ಬೆಲ್ಲ ಬಂತು. ಮುಖ್ಯಸ್ಥರು ಬೀಗ ಹಿಡಿದು ಬಾಗಿಲ ಬಳಿ ನಿಂತರು. ಆಗ ಮೇಡಂ ಯಂತ್ರದ ಪಕ್ಕ ಹೋಗಿ ಹಸಿರು ಬಟ್ಟೆಯನ್ನು ಮಡಚತೊಡಗಿದರು. ನಮ್ಮ ಬಾಯಲ್ಲಿದ್ದ ಮಂಡಕ್ಕಿ ಹಾಗೇ ಉಳಿಯಿತು.

"ಏನ್ ಮಾಡ್ತಿದೀರಿ ಮೇಡಂ?"

"ಪೂಜೆ ಆಯ್ತಲ್ಲ ಸರ್. ಒಂದ್ಸಲ ಶುರು ಮಾಡೋಣ ಅಂತ."

ಮುಖ್ಯಸ್ಥರಿಗೆ ಒಳ್ಳೆಯ ಉತ್ತರ ಸಿಕ್ಕಿತು. ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ಇವತ್ತು ಆಯುಧ ಮುಟ್ಟಬಾರ್ದು ಅನ್ನೋದು ಗೊತ್ತಿಲ್ವಾ? ಪೂಜೆ ಮಾಡಿದ ಮೇಲೆ ಅವು ವಿಶ್ರಾಂತಿಲಿರಬೇಕು. ಶಾಸ್ತ್ರ ಅಂತ ಒಂದಿದೆ."

ಮೇಡಂ ತಕ್ಷಣ ಕೈ ಹಿಂದಕ್ಕೆ ತೆಗೆದುಕೊಂಡರು. ಅಷ್ಟು ವಿಧೇಯರಾಗಿ ಅವರನ್ನು ನಾನು ಎಂದೂ ಕಂಡಿರಲಿಲ್ಲ. "ತಪ್ಪಾಯ್ತು ಸರ್. ಶಾಸ್ತ್ರ ಮೀರಬಾರ್ದು. ನಾಳೆ ವಿಜಯದಶಮಿ, ಶುರು ಮಾಡೋದಕ್ಕೆ ಅದಕ್ಕಿಂತ ಒಳ್ಳೇ ದಿನ ಇಲ್ಲ. ನಾಳೆ ಬೆಳಿಗ್ಗೆ ನಾವೆಲ್ಲ ಬರ್ತೀವಿ." ಆಮೇಲೆ ಮುಖ್ಯಸ್ಥರ ಹೆಂಡತಿಯ ಕಡೆ ತಿರುಗಿದರು. "ಅಲ್ವಾ ಅಮ್ಮಾ, ನಾಳೆ ಮುಟ್ಟಬಹುದಲ್ಲ?"

ಆ ಅಮ್ಮನಿಗೆ ಒಳಗಿನ ರಾಜಕೀಯ ಏನು ಗೊತ್ತು? "ಅಯ್ಯೋ, ನಾಳೆ ಮುಟ್ಟದೇ ಇದ್ರೇ ತಪ್ಪು. ಮಕ್ಕಳಿಗೆ ಅಕ್ಷರ ತೀಡಿಸೋದು ನಾಳೆನೇ ತಾನೇ," ಎಂದರು. ಸುತ್ತ ನಿಂತಿದ್ದ ಹೆಂಗಸರೆಲ್ಲ ಹೌದೆಂದರು. ಮುಖ್ಯಸ್ಥರಿಗೆ ಅದು ಬಿಸಿ ತುಪ್ಪವಾಯಿತು, ನುಂಗಲೂ ಆಗದು, ಉಗುಳಲೂ ಆಗದು. ಮರುದಿನ ಬೆಳಿಗ್ಗೆ ಅವರೇ ಬಂದು ಬಾಗಿಲು ತೆರೆದರು. ಹಬ್ಬದ ದಿನ ಮಗಳು ಕಾಲೇಜಿಗೆ ಹೊರಟಳೆಂದು ನನ್ನ ಅಮ್ಮ ಬೈದಿದ್ದು ಬೇರೆ ಕಥೆ.

ಆದರೆ ಯಂತ್ರ ನಡೆಯಲಿಲ್ಲ. ಸ್ವಿಚ್ ಹಾಕಿದರೆ ದೀಪ ಹತ್ತಿತು, ಪರದೆಯ ಮೇಲೆ ಬರೀ ಅಡ್ಡಾದಿಡ್ಡಿ ಗೆರೆ. ಮುಖ್ಯಸ್ಥರು ಎಲ್ಲರ ಮುಖ ನೋಡಿ, "ಕೆಡಿಸಿದ್ರಲ್ಲ ಮೇಡಂ," ಎಂದರು. ಮೇಡಂ ಮುಖ ಬಿಳಿಚಿತ್ತು, ಸುಳ್ಳು ಯಾಕೆ ಹೇಳಲಿ. ಆ ಯಂತ್ರದ ವಿಷಯದಲ್ಲಿ ಅವರೇನೂ ಪಂಡಿತರಲ್ಲ, ಓದುವಾಗ ಯಾವುದೋ ಊರಿನಲ್ಲಿ ಕೆಲವು ಸಲ ನಡೆಸಿದ್ದರು ಅಷ್ಟೆ. ಕಂಪನಿಯ ಎಂಜಿನಿಯರ್‌ಗೆ ಫೋನ್ ಹಚ್ಚಿದರು. ಅವನು ಕೇಳಿದ ಮೊದಲ ಪ್ರಶ್ನೆಯೇ, ಯಂತ್ರವನ್ನು ಆಫ್ ಮಾಡಿ ಯಾಕೆ ಇಟ್ಟಿದ್ದೀರಿ ಎಂದು. ಅದರೊಳಗಿನ ಕೆಲವು ಭಾಗ ಉಪ್ಪಿನಂಥ ಹರಳಿನವು, ತೇವ ಕುಡಿಯುತ್ತವೆ. ಸದಾ ಕರೆಂಟಿನಲ್ಲಿ ಬೆಚ್ಚಗಿರಬೇಕು. ನಮ್ಮ ಕಡೆಯ ಮಳೆಗಾಲದಲ್ಲಂತೂ ಮುಚ್ಚಿಟ್ಟಷ್ಟೂ ಹಾಳು. ತೇವ ಹೀರಲು ಒಳಗಿಟ್ಟಿದ್ದ ನೀಲಿ ಹರಳುಗಳೆಲ್ಲ ನೆನೆದು ಗುಲಾಬಿ ಬಣ್ಣಕ್ಕೆ ತಿರುಗಿದ್ದವು.

ಮೇಡಂ ಫೋನಿನ ಸ್ಪೀಕರ್ ಹಾಕಿ ಅದನ್ನು ಇನ್ನೊಮ್ಮೆ ಹೇಳಿಸಿದರು. ಮುಖ್ಯಸ್ಥರು ಕಿಟಕಿಯ ಹೊರಗೆ ನೋಡುತ್ತಿದ್ದರು.

ಹರಳುಗಳನ್ನು ಓವನ್‌ನಲ್ಲಿ ಒಣಗಿಸಿ ಮತ್ತೆ ನೀಲಿ ಮಾಡಿದೆವು. ಯಂತ್ರವನ್ನು ಆರಿಸದೆ ಬಿಟ್ಟೆವು. ಕೆಲವು ದಿನ ಏನೂ ಆಗಲಿಲ್ಲ. ಮೇಡಂ ಪ್ರತಿ ಬೆಳಿಗ್ಗೆ ಬಸ್ಸಿಳಿದವರೇ ಆ ಕೋಣೆಗೆ ಹೋಗಿ, ಜ್ವರದ ಮಗುವನ್ನು ಮುಟ್ಟಿ ನೋಡುವ ಹಾಗೆ ಅದರ ಮೇಲೆ ಕೈಯಿಟ್ಟು ಬರುತ್ತಿದ್ದರು. ಒಂದು ಮಧ್ಯಾಹ್ನ ಪರದೆಯ ಗೆರೆ ನೆಟ್ಟಗಾಯಿತು. ಮೇಡಂ ಕಪಾಟಿನಿಂದ ಅಸಿಟೋನ್ ಬಾಟಲಿ ತಂದು ನನ್ನ ಕೈಗೆ ಕೊಟ್ಟರು. "ಒಂದು ಹನಿ ಹಾಕು. ಬೇಗ, ಆರಿ ಹೋಗತ್ತೆ."

ಬೆಳಕು ಹಾಯಲೆಂದು ಉಪ್ಪಿನಿಂದಲೇ ಮಾಡಿದ, ಗಾಜಿನಂಥ ಎರಡು ಬಿಲ್ಲೆಗಳ ನಡುವೆ ಹನಿಯಿಟ್ಟು ಯಂತ್ರದೊಳಗೆ ಸೇರಿಸಿದೆ. ಪುಸ್ತಕದಿಂದ ಎಷ್ಟೋ ಸಲ ನಕಲು ಮಾಡಿದ್ದ ಅಸಿಟೋನಿನ ಆ ಆಳವಾದ ಗೆರೆ, ಇರಬೇಕಾದ ಜಾಗದಲ್ಲೇ, ನಮ್ಮ ಕಣ್ಣೆದುರು ಪರದೆಯ ಮೇಲೆ ಇಳಿಯಿತು. ಪಕ್ಕದವಳು ನನ್ನ ತೋಳು ಹಿಡಿದುಕೊಂಡಳು. ಪುಸ್ತಕದಲ್ಲಿದ್ದದ್ದು ನಿಜ ಎಂದು ನನಗೆ ಮೊದಲ ಸಲ ಗೊತ್ತಾದದ್ದು ಅವತ್ತು.

ಅಲ್ಲಿಂದ ಆ ಕೋಣೆ ಸಂತೆಯಾಯಿತು. ಮೇಡಂ ಸರದಿ ಹಚ್ಚಿದರು. ಯಾರಿಗೂ ವಶೀಲಿಯಿಲ್ಲ, ರ‍್ಯಾಂಕಿನವರೂ ಫೇಲಾದವರೂ ಒಂದೇ. ಎಲ್ಲರೂ ತಮ್ಮ ಕೈಯಿಂದಲೇ ನಡೆಸಬೇಕು. ತಪ್ಪುಗಳೂ ಆದವು. ಶಿವಮೊಗ್ಗದ ಕೋಟೆ ಕಡೆಯಿಂದ ಬರುತ್ತಿದ್ದ ನಮ್ಮ ಸಹಪಾಠಿಯೊಬ್ಬ ಬಹಳ ಅಚ್ಚುಕಟ್ಟಿನವನು. ಮನೆಯಲ್ಲಿ ಉಂಡ ತಟ್ಟೆ ತೊಳೆದಿಟ್ಟೇ ಏಳುವವನು. ಅದೇ ಅಭ್ಯಾಸದಲ್ಲಿ ಕೆಲಸ ಮುಗಿದ ಮೇಲೆ ಆ ಬಿಲ್ಲೆಗಳನ್ನು ನಲ್ಲಿಯ ಕೆಳಗೆ ಚೆನ್ನಾಗಿ ತಿಕ್ಕಿ ತೊಳೆದ. ಉಪ್ಪಲ್ಲವೇ, ಕೈಯಲ್ಲೇ ಕರಗಿಹೋದವು. ಅವನು ಒದ್ದೆ ಕೈ ನೋಡುತ್ತಾ ನಿಂತುಬಿಟ್ಟ. ಮೇಡಂ ಮೊದಲು ಬೈದರು, ಆಮೇಲೆ ನಗು ತಡೆಯಲಾಗದೆ ಸ್ಟೂಲಿನ ಮೇಲೆ ಕುಸಿದರು. "ಸಾರಿಗಾದ್ರೂ ಹಾಕಿದ್ರೆ ರುಚಿ ಬರ್ತಿತ್ತಲ್ಲೋ ಮಾರಾಯ."

ಮುಖ್ಯಸ್ಥರು ಇದನ್ನೇ ಕಾಯುತ್ತಿದ್ದರು. ಯಾರು ಹಾಳು ಮಾಡಿದ್ದು, ಹೆಸರು ಹೇಳಿ ಎಂದರು. ಹೆಸರು ಹೇಳಿದ್ದರೆ ಅವನ ಪ್ರಾಜೆಕ್ಟಿಗೆ ಕುತ್ತು. "ನನ್ನ ಕ್ಲಾಸಲ್ಲಿ ಆಗಿದ್ದು, ನಾನೇ ಮಾಡಿದ್ದು ಅಂತ ಬರ್ಕೊಳ್ಳಿ," ಎಂದರು ಮೇಡಂ. ಅವನು ತಾನೇ ಹೇಳುತ್ತೇನೆಂದು ಹೊರಟಾಗ ಕಾರಿಡಾರಿನಲ್ಲಿ ಅಡ್ಡ ನಿಂತರು. "ನೀನು ಕಲೀತಿದೀಯ. ಕಲಿಯೋನಿಗೆ ಕೆಡಿಸೋ ಹಕ್ಕಿದೆ. ಹೋಗು, ಕೆಲ್ಸ ನೋಡು."

ಮುಂದಿನ ವರ್ಷದ ಅತಿಥಿ ಉಪನ್ಯಾಸಕರಲ್ಲಿ ಅವರಿರಲಿಲ್ಲ. ಕಾರಣ ಕೇಳಿದರೆ ಉಪಕರಣಕ್ಕೆ ಹಾನಿ ಎಂದರು. ವರ್ಷಗಟ್ಟಲೆ ಯಂತ್ರವನ್ನು ತೇವದಲ್ಲಿ ಕೊಳೆಸಿದ್ದು ಹಾನಿಯಲ್ಲ, ಮಕ್ಕಳ ಕೈಯಲ್ಲಿ ಉಪ್ಪು ಕರಗಿದ್ದು ಹಾನಿ. ಅದೇ ವಾರ ಕೋಣೆಗೆ ಮತ್ತೆ ಬೀಗ ಬೀಳುವ ಸೂಚನೆ ಕಂಡಿತು. ನಮ್ಮ ಜೂನಿಯರ್‌ಗಳು ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟರು. ಘೋಷಣೆ ಇಲ್ಲ, ಗಲಾಟೆ ಇಲ್ಲ, ಟಿಫನ್ ಬಾಕ್ಸು ಬಿಚ್ಚಿ ಅಲ್ಲೇ ಊಟ ಮಾಡಿದರು. ಬೀಗ ಬೀಳಲಿಲ್ಲ.

ಆ ಸುದ್ದಿ ಹೇಳಲು ನಾನು ಜನ್ನಾಪುರಕ್ಕೆ ಹೋದೆ. ಮೇಡಂ ಮನೆಯ ಮುಂದಿನ ಶೀಟಿನ ಕೆಳಗೆ ಪಿಯುಸಿ ಮಕ್ಕಳಿಗೆ ಟ್ಯೂಷನ್ ಮಾಡುತ್ತಿದ್ದರು. ನಾನು ಅತ್ತೆ. ಅವರಿಗೆ ಅಳುವವರನ್ನು ಕಂಡರಾಗದು. "ಏನಕ್ಕೆ ಅಳ್ತೀಯ? ನನ್ನ ತೆಗೆದ್ರು, ಆ ಕೋಣೆ ಮುಚ್ಚೋಕೆ ಆಯ್ತಾ? ಇಲ್ಲ ತಾನೇ. ಮತ್ತೆ ಸೋತೋರ ಮನೆಗೆ ಬಂದೋರ ಥರ ಮುಖ ಮಾಡ್ಕೊಂಡಿದೀಯಲ್ಲ, ಕೂತ್ಕೋ, ಕಾಫಿ ಕುಡಿ."

ಮತ್ತೆ ಅವರಿಗೆ ಯಾವ ವಿಭಾಗದಲ್ಲೂ ಕೆಲಸ ಸಿಗಲಿಲ್ಲ. ಜಗಳಗಂಟಿ ಎಂಬ ಹೆಸರು ಅವರಿಗಿಂತ ಮುಂಚೆ ಎಲ್ಲ ಕಡೆ ತಲುಪಿರುತ್ತಿತ್ತು. ನನಗೆ ಮೊದಲ ಕೆಲಸ ಸಿಕ್ಕಿದ್ದು, ಸಂದರ್ಶನದಲ್ಲಿ ಐ.ಆರ್. ನಡೆಸಿದ್ದೇನೆ, ಕೆಟ್ಟರೆ ಒಣಗಿಸಲೂ ಬರುತ್ತದೆ ಎಂದು ಹೇಳಿದ್ದಕ್ಕೆ. ಈಗ ಅದೇ ವಿಭಾಗದಲ್ಲಿ ಕಾಯಂ ಅಧ್ಯಾಪಕಿಯಾಗಿದ್ದೇನೆ. ಮೇಡಂ ಕಾಯಿಲೆ ಬಿದ್ದದ್ದು ನನಗೆ ತಡವಾಗಿ ಗೊತ್ತಾಯಿತು. ನೋಡಲು ಹೋದಾಗ ಗುರುತು ಹಿಡಿದರು, ಮಾತು ಮಾತ್ರ ಆಗುತ್ತಿರಲಿಲ್ಲ... ಅಷ್ಟು ಮಾತಾಡುತ್ತಿದ್ದವರು.

ಅವರು ಹೋದ ಮೇಲೆ ವಿಭಾಗದಲ್ಲಿ ಒಂದು ಸಂತಾಪ ಸಭೆ ಮಾಡೋಣ ಎಂದೆ. ಗೆಸ್ಟ್‌ಗಳಿಗೆಲ್ಲ ಸಂತಾಪ ಸಭೆ ಮಾಡುವ ಪದ್ಧತಿಯಿಲ್ಲ ಎಂಬ ಉತ್ತರ ಬಂತು. ಪದ್ಧತಿಯಿಲ್ಲದಿದ್ದರೆ ಬೇಡ ಎಂದು ನನ್ನ ಪಾಠದ ಅವಧಿಯಲ್ಲಿ ಪಾಠ ಬಿಟ್ಟು ಅವರ ಬಗ್ಗೆಯೇ ಹೇಳಿದೆ. ಮೌನಾಚರಣೆ ಮಾಡಲಿಲ್ಲ, ಮೌನ ಅವರಿಗೆ ಒಗ್ಗುವ ವಸ್ತುವಲ್ಲ.

ಹೋದ ತಿಂಗಳು ವಿಭಾಗದ ಸಭೆಯಲ್ಲಿ ದೊಡ್ಡ ಜಗಳವೇ ಆಯಿತು. ಅತಿಥಿ ಉಪನ್ಯಾಸಕರೂ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಮಾಡಿಸಬಹುದು, ಯಾವ ಉಪಕರಣವನ್ನಾದರೂ ಬಳಸಬಹುದು, ಕಲಿಯುವಾಗ ಏನಾದರೂ ಕೆಟ್ಟರೆ ಅದನ್ನು ಅವರ ತಲೆಗೆ ಕಟ್ಟಬಾರದು ಎಂದು ಹಟ ಹಿಡಿದು ನಿರ್ಣಯ ಮಾಡಿಸಿದೆ. ಹೊರಗೆ ಬರುವಾಗ ಸಹೋದ್ಯೋಗಿಯೊಬ್ಬರು, "ಯಾಕ್ ಮೇಡಂ ಇಷ್ಟು ಹಟ? ಗೆಸ್ಟ್‌ಗಳು ಇವತ್ತು ಇರ್ತಾರೆ, ನಾಳೆ ಹೋಗ್ತಾರೆ," ಎಂದರು.

"ಹಾಗೆ ಹೋದೋರೊಬ್ರು ಕಲಿಸಿದ್ದಕ್ಕೇ ಸರ್ ನಾನಿಲ್ಲಿ ಇರೋದು," ಎಂದೆ. ದನಿ ಜೋರಾಗಿಯೇ ಬಂತು, ತಗ್ಗಿಸಲಿಲ್ಲ. ಆಮೇಲೆ ಮೆಟ್ಟಿಲ ಬಳಿ ನಿಂತು ಅತ್ತೆ. ಗೆದ್ದು ಬಂದಿದ್ದೆ, ಹೇಳಲು ಮೇಡಂ ಇರಲಿಲ್ಲ.