ಆಷಾಢದ ನರಿ

ಮೊನ್ನೆ ನಮ್ಮ ಮಗಳು ಚೈತ್ರ ಅಡುಗೆಮನೆಯ ಸಜ್ಜಾದ ಮೇಲಿಂದ ಒಂದು ಗೋಣಿಚೀಲ ಎಳೆದು ಕೆಳಕ್ಕೆ ಹಾಕಿದಳು. ಮದುವೆಯಾದ ಮೇಲೆ ಅವಳಿಗೆ ಇದು ಮೊದಲ ಆಷಾಢ. ಗಂಡನ ಮನೆಯವರು ಪದ್ಧತಿಯಂತೆ ತಿಂಗಳ ಮಟ್ಟಿಗೆ ತವರಿಗೆ ಕಳಿಸಿದ್ದಾರೆ. ಮೊದಲ ವಾರ ನಿದ್ದೆ ಮಾಡಿದಳು, ಆಮೇಲೆ ಅಮ್ಮನ ಸಾರಿನಲ್ಲಿ ತಪ್ಪು ಹುಡುಕಿದಳು, ಈಗ ಮನೆ ಕ್ಲೀನ್ ಮಾಡುತ್ತೇನೆಂದು ಹೊರಟಿದ್ದಾಳೆ. ಬೇಸರ ಬಂದ ಮಗಳು ಪೊರಕೆ ಹಿಡಿದರೆ ಮನೆಯಲ್ಲಿ ಮುಚ್ಚಿಟ್ಟದ್ದು ಯಾವುದೂ ಮುಚ್ಚಿಟ್ಟ ಹಾಗೆ ಉಳಿಯುವುದಿಲ್ಲ.

ಚೀಲದಿಂದ ಹೊರಬಂದದ್ದು ಹಳೇ ಸ್ಕೂಟರಿನ ಹೆಡ್‌ಲೈಟು. ತಲೆಗೆ ಕಟ್ಟಿಕೊಳ್ಳಲು ಅದಕ್ಕೊಂದು ಚರ್ಮದ ಪಟ್ಟಿ ಹೊಲಿದಿದೆ, ಹಿಂದೆ ಮಾರುದ್ದ ವೈರು ಜೋತುಬಿದ್ದಿದೆ. ಬ್ಯಾಟರಿ ಯಾವತ್ತೋ ಗುಜರಿಗೆ ಹೋಯಿತು, ಅದರ ಆಸಿಡ್ಡಿನ ಹುಳಿ ವಾಸನೆ ಮಾತ್ರ ಚೀಲವನ್ನು ಬಿಟ್ಟಿಲ್ಲ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಮೈಸೂರುಪಾಕು ತಿನ್ನಬೇಕೆನಿಸಿತು. ಆಸಿಡ್ಡಿಗೂ ಮೈಸೂರುಪಾಕಿಗೂ ಏನು ಸಂಬಂಧ ಅಂತೀರಾ? ಅದನ್ನೇ ಹೇಳಲು ಹೊರಟಿದ್ದೇನೆ.

"ಏನಪ್ಪಾ ಇದು?" ಎಂದಳು ಮಗಳು.

"ನಿಮ್ಮ ತಾತ ನರಿ ಹೊಡೆಯೋಕೆ ಇಟ್ಕೊಂಡಿದ್ದ ಲೈಟು ಕಣಮ್ಮ."

"ತಾತ ನರಿ ಹೊಡೀತಿದ್ರಾ? ಎಷ್ಟು ಹೊಡೆದ್ರು?"

"ಒಂದೂ ಇಲ್ಲ."

ಒಲೆಯ ಮುಂದಿದ್ದ ನನ್ನ ಹೆಂಡತಿ ಪದ್ಮ ತಿರುಗಿ ನೋಡಿದಳು. ತವರಿನ ವಿಷಯ ಎತ್ತಿದಾಗ ಹೆಂಗಸರು ತಿರುಗಿ ನೋಡುವ ರೀತಿಯೇ ಬೇರೆ. ನಾನು ಸುಳ್ಳೇನೂ ಹೇಳಿರಲಿಲ್ಲ, ಹಾಗಾಗಿ ಧೈರ್ಯವಾಗಿ ಮುಂದುವರಿಸಿದೆ.

ನಮ್ಮ ಮಾವನವರದು ಬಿಳಿಕೆರೆಯಲ್ಲಿ ಬಸ್ಸಿಳಿದು ಒಳಕ್ಕೆ ನಡೆಯಬೇಕಾದ ಹಳ್ಳಿ. ಹೊಗೆಸೊಪ್ಪು, ರಾಗಿ, ಕೆರೆಯ ಹಿಂದೆ ಒಂದಿಷ್ಟು ಮುಸುಕಿನ ಜೋಳ. ಬೆಳೆ ಕಾಯಲೆಂದು ಸರ್ಕಾರ ಲೈಸೆನ್ಸ್ ಕೊಟ್ಟ ಒಂಟಿ ನಳಿಗೆಯ ಕೋವಿಯೊಂದು ಅವರ ಮನೆಯಲ್ಲಿತ್ತು. ಇತ್ತು ಅನ್ನುವುದಕ್ಕಿಂತ ಬಂದು ಹೋಗುತ್ತಿತ್ತು ಅನ್ನಬೇಕು. ಆ ತೊಂಬತ್ತರ ದಶಕ ಎಂಥದ್ದೆಂದು ನಿಮಗೆ ಗೊತ್ತಲ್ಲ, ದೆಹಲಿಯಲ್ಲಿ ಸರ್ಕಾರ ಬಿದ್ದಾಗಲೆಲ್ಲ ನಮ್ಮ ಮಾವನ ಕೋವಿ ಪೊಲೀಸ್ ಸ್ಟೇಷನ್ನಿಗೆ ಹೋಗಿ ಕೂರುತ್ತಿತ್ತು. ಎಲೆಕ್ಷನ್ ಮುಗಿಯುವವರೆಗೂ ಲೈಸೆನ್ಸಿನ ಕೋವಿಗಳನ್ನು ಅಲ್ಲಿ ಒಪ್ಪಿಸಬೇಕಿತ್ತು. ಆ ಕೋವಿ ನರಿಗಳಿಗಿಂತ ಹೆಚ್ಚಾಗಿ ಎಲೆಕ್ಷನ್‌ಗಳನ್ನೇ ನೋಡಿದೆ.

ಕೋವಿ ಮನೆಯಲ್ಲಿದ್ದಾಗಲೂ ನರಿಗಳಿಗೆ ಅಂಥ ತೊಂದರೆಯೇನೂ ಆಗಲಿಲ್ಲ. ಯಾರಿಗಾದರೂ ಇದ್ದಕ್ಕಿದ್ದಂತೆ ಒಳ್ಳೆಯದಾದರೆ "ಏನ್ಲಾ, ಬೆಳಗ್ಗೆ ನರಿ ಮುಖ ನೋಡಿ ಎದ್ದಿದ್ಯಾ" ಅನ್ನುತ್ತೇವಲ್ಲ, ಮಾವ ಅದನ್ನು ಮನಸಾರೆ ನಂಬಿದ್ದರು. ಲೈಟಿನ ಬೆಳಕಿಗೆ ನರಿ ಸಿಕ್ಕಿತೆಂದರೆ ಮೊದಲು ಅದರ ಮುಖವನ್ನು ಚೆನ್ನಾಗಿ ನೋಡಿಕೊಳ್ಳಬೇಕು. ಜೊತೆಗಿದ್ದವರಿಗೂ ತೋರಿಸಬೇಕು. ಆ ಮೇಲೆ ಗುರಿ. ಅಷ್ಟರಲ್ಲಿ ನರಿ ಪಿರಿಯಾಪಟ್ಟಣದ ಗಡಿ ಮುಟ್ಟಿರುತ್ತಿತ್ತು.

"ಸಿಕ್ಕಿದ್ ಲಕ್ಷ್ಮೀಗೆ ಯಾರಾರಾ ಗುಂಡ್ ಹೊಡ್ದಾರಾ?" ಎನ್ನುತ್ತಿದ್ದರು ಮಾವ.

"ಲಕ್ಷ್ಮೀನಂತೆ! ನನ್ ಕೋಳಿ ಒಂದೊಂದಾಗಿ ಅದ್ರ ಒಟ್ಟೆಗೆ ಒಯ್ತಾ ಅವೆ, ಇವ್ರು ಲಕ್ಷ್ಮಿ ಕಾಯ್ಕಂಡ್ ಕುಂತವ್ರೆ" ಎನ್ನುತ್ತಿದ್ದರು ಅತ್ತೆ. ಅತ್ತೆಯ ಮಾತಿನಲ್ಲೂ ನ್ಯಾಯವಿತ್ತು. ನಮ್ಮ ಮದುವೆಯಾದ ವರ್ಷ ಅವರ ಹತ್ತಿರ ಉಳಿದಿದ್ದದ್ದು ಒಂದೇ ಒಂದು ಹುಂಜ. ಕೆಂಪು ಪುಕ್ಕ, ಮೊಣಕಾಲೆತ್ತರ, ಒಂದು ಸಲ ಕೂಗಿದರೆ ಊರೆಲ್ಲ ಎದ್ದು ಕೂರಬೇಕು. ಆಷಾಢ ಕಳೆದು ಹೊಸ ಅಳಿಯ ಮನೆಗೆ ಬಂದಾಗ ಕುಯ್ಯಲೆಂದು ಬಿಟ್ಟಿದ್ದ ಹುಂಜ ಅದು. ಆ ಹೊಸ ಅಳಿಯ ನಾನೇ.

ಆಷಾಢದಲ್ಲಿ ಹೊಸ ಅಳಿಯ ಅತ್ತೆ ಮನೆಯ ಹೊಸ್ತಿಲು ತುಳಿಯಬಾರದು. ಈ ಕಟ್ಟಳೆ ಮಾಡಿದವರು ಯಾರೋ ಗೊತ್ತಿಲ್ಲ, ಅವರಿಗೆ ಮದುವೆಯಾಗಿ ಬಹಳ ವರ್ಷವಾಗಿತ್ತು ಎಂಬುದಂತೂ ಖಂಡಿತ. ನನಗಾಗ ಕೆ.ಆರ್. ನಗರದಲ್ಲಿ ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಮಾಡುವ ಪುಟ್ಟ ಅಂಗಡಿ. ಮಾವ ಬಂದು ಮಗಳನ್ನು ಕರೆದುಕೊಂಡು ಹೋದ ಮೇಲೆ ನನ್ನ ಕೆಲಸ ಹೇಗಿತ್ತೆಂದರೆ, ಸುತ್ತಿದ ಸುರುಳಿಯನ್ನೇ ಬಿಚ್ಚಿ ಮತ್ತೆ ಸುತ್ತುತ್ತಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಬೀಳ್ಕೊಡುವಾಗ ಮಾವ ಬಾಳೆಹಣ್ಣಿನ ಗಾಡಿಯ ಹತ್ತಿರ ಚೌಕಾಸಿಗೆ ನಿಂತ ಸಮಯ ನೋಡಿ ಪದ್ಮನ ಕಿವಿಯಲ್ಲಿ ಹೇಳಿದ್ದೆ: "ಬರೋ ಶನಿವಾರ ಕೊನೇ ಬಸ್ಸಿಗೆ ಬರ್ತೀನಿ. ಹಿತ್ತಲ ಕಡೆ, ಜೋಳದ ಹೊಲದ ಹಾದೀಲಿ. ಮನೆ ಒಳಕ್ಕಂತೂ ಬರಲ್ಲ. ನಿನ್ನ ಮುಖ ನೋಡ್ಕೊಂಡು ಹೋಗ್ಬಿಡ್ತೀನಿ."

"ಏ, ಹೋಗ್ರೀ" ಎಂದಿದ್ದಳು ಅವಳು. ಹೊಸ ಹೆಂಡತಿಯ "ಹೋಗ್ರೀ"ಗೆ "ಬನ್ನಿ" ಎಂದು ಅರ್ಥ. ಈಗಿನ "ಹೋಗ್ರೀ"ಗೆ ಹೋಗಬೇಕೆಂದೇ ಅರ್ಥ.

ಶನಿವಾರ ಬಂತು. ಒಂದು ಮೊಳ ಮಲ್ಲಿಗೆ, ಅರ್ಧ ಕೆ.ಜಿ. ಮೈಸೂರುಪಾಕು ಕಟ್ಟಿಸಿಕೊಂಡು ಬಿಳಿಕೆರೆಯಲ್ಲಿ ಇಳಿದೆ. ಗುಟ್ಟಾಗಿ ಹೋಗುವವನು ಬಿಳೀ ಶರ್ಟು ಹಾಕಬಾರದೆಂಬ ಬುದ್ಧಿಯೂ ನನಗಿರಲಿಲ್ಲ. ಸೋನೆ ಮಳೆ ಬಂದು ನಿಂತಿತ್ತು. ಕೆರೆ ಏರಿ ದಾಟಿ ಜೋಳದ ಹೊಲದ ಬದುವಿನ ಮೇಲೆ ಕಾಲಿಟ್ಟೆನೋ ಇಲ್ಲವೋ, ನಾಯಿಯೊಂದು ಬೊಗಳಿತು. ಹೆದರಿ ನಾನು ಜೋಳದ ಗಿಡಗಳ ನಡುವೆ ಕುಕ್ಕರುಗಾಲಿನಲ್ಲಿ ಕೂತೆ. ಹುಟ್ಟಿದ ಮೇಲೆ ಅಷ್ಟು ಅವಿವೇಕದ ಕೆಲಸ ಇನ್ನೊಂದು ಮಾಡಿಲ್ಲ. ರಾತ್ರಿ ಹೊತ್ತು ಜೋಳದಲ್ಲಿ ಅಷ್ಟೆತ್ತರಕ್ಕೆ ಅಲ್ಲಾಡುವ ಪ್ರಾಣಿ ಯಾವುದು, ನೀವೇ ಹೇಳಿ.

ಫಕ್ಕನೆ ಬೆಳಕು ಬಂದು ಮುಖಕ್ಕೆ ಬಿತ್ತು. ಬೆಳಕಿನ ಹಿಂದೆ ಕಾವಲಿನ ಅಟ್ಟಣೆ, ಅಟ್ಟಣೆಯ ಮೇಲೆ ಕೋವಿಯ ನಳಿಗೆ. ಎರಡೂ ಕೈ ಮೇಲೆತ್ತಿದೆ, ಒಂದರಲ್ಲಿ ಮೈಸೂರುಪಾಕು, ಇನ್ನೊಂದರಲ್ಲಿ ಮಲ್ಲಿಗೆ. ಪ್ರಾಣ ಹೋಗುವುದರ ಜೊತೆಗೆ ಮಾನವೂ ಹೋಗುತ್ತಿದೆಯಲ್ಲ ಎಂದು ಆ ಕ್ಷಣದಲ್ಲೂ ಅನ್ನಿಸಿತು. ಬೆಳಕು ನನ್ನ ಮುಖದಿಂದ ಇಳಿದು ಕಾಲ ಹತ್ತಿರ ಹೋಗಿ ನಿಂತಿತು.

"ಮಾವ, ಬಿಳಿಕೆರೇಲಿ ಒಂದು ಮೋಟರ್ ರಿಪೇರಿ ಇತ್ತು..." ಎಂದೆ.

"ಅದಿರ್ಲಿ. ಕೈಲೇನದು ಅಳಿಯಂದ್ರೇ?"

"ಮೈಸೂರುಪಾಕು."

"ಅಂಗಾರೆ ಅತ್ಕಂಡ್ ಬನ್ನಿ. ಒಸ್ಲು ತುಳಿಯಂಗಿಲ್ಲ ನಿಜ, ಅಟ್ಟಣೆಗೆ ಒಸ್ಲೆಲ್ಲಿ ಅದೆ?"

ಹೀಗೆ, ಹೆಂಡತಿಯ ಮುಖ ನೋಡಲು ಹೋದ ನಾನು ಮಾವನ ಪಕ್ಕ ಕೂತೆ. ಅಟ್ಟಣೆಯ ಮೇಲೆ ಎರಡು ಕಂಬಳಿ ಹಾಸಿತ್ತು. ಒಂದನ್ನು ನನ್ನ ಕಡೆ ತಳ್ಳಿದರು. ಏಕೆ ಬಂದಿರಿ, ಎಲ್ಲಿಗೆ ಹೊರಟಿದ್ದಿರಿ ಎಂದು ಒಂದು ಮಾತು ಕೇಳಲಿಲ್ಲ. ಮಲ್ಲಿಗೆಯನ್ನು ಕಂಡರೂ ಕಾಣದವರಂತೆ ಇದ್ದರು. ಲೈಟನ್ನು ನನ್ನ ತಲೆಗೆ ಕಟ್ಟಿ, ಬ್ಯಾಟರಿಯ ಚೀಲವನ್ನು ಹೆಗಲಿಗೆ ನೇತುಹಾಕಿ, "ನೀವು ಕರೆಂಟ್ ಕೆಲಸದೋರು, ನೀವೇ ಇಡ್ಕಳಿ" ಎಂದರು. ಆ ವೈರಿನ ಜೋಡಣೆ ನೋಡಿ ನನ್ನ ವೃತ್ತಿಧರ್ಮಕ್ಕೆ ಅವಮಾನವಾಯಿತು. ಕೆಮ್ಮಿದರೆ ಲೈಟು ಆರುತ್ತಿತ್ತು, ಸೀನಿದರೆ ಹತ್ತುತ್ತಿತ್ತು.

ಮೈಸೂರುಪಾಕು ಬಿಚ್ಚಿದೆವು. ಮಾವ ಒಂದು, ನಾನು ಒಂದು, ಮಾವನ ಹಿಂದೆಯೇ ಹೊಲಕ್ಕೆ ಬಂದಿದ್ದ ಕೆಂಚ ಎಂಬ ನಾಯಿಗೆ ಒಂದು. ಕೆಂಚ ಮನೆ ಕಾಯಬೇಕಾದ ನಾಯಿ. ಅದು ಇಲ್ಲಿ ತುಪ್ಪದ ವಾಸನೆಗೆ ಸೋತು ಅಟ್ಟಣೆಯ ಕೆಳಗೆ ಮಲಗಿತ್ತು.

"ಕೋಳಿ ಕೂಗ್ತದಲ್ಲ, ಆವಾಗ ಎದ್ದು ಮೊದಲ್ನೇ ಬಸ್ಸಿಗೆ ಒಂಟೋಗಿ. ಊರೋರ್ ಕಣ್ಗೆ ಬೀಳೋದ್ ಬ್ಯಾಡ" ಎಂದರು ಮಾವ. ಅಂಥ ಹುಂಜ ಇರುವಾಗ ಗಡಿಯಾರ ಯಾರಿಗೆ ಬೇಕು!

ಎಷ್ಟೋ ಹೊತ್ತಾದ ಮೇಲೆ ಬದುವಿನ ಮೇಲೆ ಎರಡು ಕಣ್ಣು ಹೊಳೆದವು. ಮಾವ ಕೋವಿ ಎತ್ತಿದರು. ನಾನು ಉಸಿರು ಬಿಗಿಹಿಡಿದೆ. ನರಿ ಓಡಲಿಲ್ಲ, ನಿಂತು ನಮ್ಮನ್ನೇ ನೋಡಿತು. ಬಾಯಲ್ಲಿ ಏನನ್ನೋ ಕಚ್ಚಿಕೊಂಡಿತ್ತು.

"ಮೊದ್ಲು ಮುಖ ನೋಡ್ಕಳಿ. ಒಸದಾಗಿ ಮದ್ವೆ ಆಗಿರೋರು, ಒಳ್ಳೇದಾಯ್ತದೆ" ಎಂದು ಪಿಸುಗುಟ್ಟಿದರು.

ನೋಡಿದೆ. "ಬಾಯಲ್ಲಿ ಏನೋ ಇದೆ ಮಾವ."

"ಎಗ್ಗಣ ಇರ್ಬೇಕು. ಒಳ್ಳೇದೇ ಆಯ್ತು ಬುಡಿ, ಅವುಗಳ್ ಕಾಟಾನೂ ಜಾಸ್ತಿ ಆಗಿತ್ತು."

ನನಗೆ ಕೆಮ್ಮು ಬಂತು. ಲೈಟು ಆರಿತು. ಮತ್ತೆ ಹತ್ತಿದಾಗ ಬದು ಖಾಲಿ. ಮಾವನಿಗೆ ಬೇಸರವಾದಂತೆ ಕಾಣಲಿಲ್ಲ. ಉಳಿದ ಮೈಸೂರುಪಾಕು ಮುಗಿಸಿ, ಕಂಬಳಿ ಹೊದ್ದು, ಹುಂಜದ ಕೂಗಿಗೆ ಕಾಯುತ್ತಾ ಕೂತೆವು.

ಹುಂಜ ಕೂಗಲಿಲ್ಲ.

ಕಣ್ಣು ಬಿಟ್ಟಾಗ ಬಿಸಿಲು ಹೊಟ್ಟೆಯ ಮೇಲಿತ್ತು. ಅಟ್ಟಣೆಯ ಸುತ್ತ ಅರ್ಧ ಊರು ನಿಂತಿತ್ತು. ನನ್ನ ತಲೆಯ ಮೇಲೆ ಹೆಡ್‌ಲೈಟು ಇನ್ನೂ ಕಟ್ಟಿಕೊಂಡೇ ಇತ್ತು, ಜೇಬಿನಿಂದ ಮಲ್ಲಿಗೆ ಇಣುಕುತ್ತಿತ್ತು. ಎಲ್ಲರಿಗಿಂತ ಮುಂದೆ ಅತ್ತೆ, ಒಂದು ಕೈಯಲ್ಲಿ ಕೋಳಿ ಮುಚ್ಚುವ ಖಾಲಿ ಮಕ್ಕರಿ, ಇನ್ನೊಂದು ಕೈಯಲ್ಲಿ ಎರಡು ಕೆಂಪು ಪುಕ್ಕ. ಅವರ ಹಿಂದೆ ಕಾಫಿಯ ಚೊಂಬು ಹಿಡಿದ ಪದ್ಮ, ಆಗತಾನೆ ಎದ್ದು ಓಡಿಬಂದ ಹಾಗಿದ್ದಳು.

ಅತ್ತೆಯಾದವರು ಅಳಿಯನನ್ನು ಬೈಯುವಂತಿಲ್ಲ. ಊರವರ ಮುಂದೆ ಗಂಡನನ್ನೂ ಬೈಯುವಂತಿಲ್ಲ. ಆದ್ದರಿಂದ ಬೈಗುಳವೆಲ್ಲ ಕೆಂಚನ ಪಾಲಿಗೆ ಹೋಯಿತು. "ಥೂ ನಿನ್ ಮಕಕ್ಕೆ! ನರಿ ಕಾಯಕ್ಕೋಗಿ ಮೈಸೂರ್‌ಪಾಕ್ ತಿನ್ಕಂಡ್ ಬಿದ್ಕಂಡಿದ್ಯಲ್ಲಾ, ಅಲ್ಲಿ ನರಿ ಬಂದು ಅಳಿಯಂದ್ರುಗೆ ಮಡಗಿದ್ ಉಂಜ ಒತ್ಕಂಡ್ ಒಯ್ತು. ನಿನ್ ಕಣ್ಮುಂದ್ಲೇ ಓಗಿರ್ಬೇಕಲ್ಲಾ!"

ಕೆಂಚ ಮಾವನ ಮುಖ ನೋಡಿತು. ಮಾವ ನನ್ನ ಮುಖ ನೋಡಿದರು. ಹೆಗ್ಗಣದ ವಿಷಯವನ್ನು ಮೂವರೂ ಎತ್ತಲಿಲ್ಲ.

ಕೊನೆಗೆ ಅತ್ತೆ ಸೆರಗು ಸರಿಮಾಡಿಕೊಂಡು, "ಒಸ್ಲು ತುಳುದಿಲ್ವಲ್ಲ?" ಎಂದು ಆಕಾಶವನ್ನು ಕೇಳಿದರು.

"ಇಲ್ಲ ಅತ್ತೆ" ಎಂದು ನಾನೂ ಆಕಾಶಕ್ಕೇ ಹೇಳಿದೆ. ಸ್ವಲ್ಪ ಹೊತ್ತಿಗೆ ಅಟ್ಟಣೆಗೇ ರೊಟ್ಟಿ, ಹುಚ್ಚೆಳ್ಳು ಚಟ್ನಿ ಬಂತು. ಪದ್ಮನೇ ಬಡಿಸಿದಳು. ಅರ್ಧ ಊರಿನ ಎದುರಿಗೆ ನಾನು ಹೆಂಡತಿಯ ಮುಖವನ್ನು ಕಣ್ತುಂಬ ನೋಡಿದೆ. ಅಂದಿನಿಂದ ಆ ಊರಿನಲ್ಲಿ ನನ್ನ ಹೆಸರು ಆಷಾಢದ ನರಿ. ಈಗಲೂ ಅಲ್ಲಿ ಯಾರ ಮನೆ ಮದುವೆಗೆ ಹೋದರೂ ವಯಸ್ಸಾದವರು ನನ್ನ ಮುಖ ನೋಡಿ, "ನರಿ ಮುಖ ನೋಡ್ದಂಗಾಯ್ತು, ಒಳ್ಳೇದಾಗ್ಲಿ" ಎನ್ನುತ್ತಾರೆ.

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಈ ಕಥೆಯನ್ನು ನಾನು ಎಷ್ಟೋ ಕಡೆ ಹೇಳಿ ನಗಿಸಿದ್ದೇನೆ, ಮಾವ ತೀರಿಕೊಂಡ ಮೇಲೂ. ಕೋವಿ ಹಿಡಿದು ನರಿಯ ಮುಖ ನೋಡುತ್ತಾ ಕೂತ ಭೋಳೇ ಮನುಷ್ಯನ ಕಥೆ ಎಂದೇ ಹೇಳಿದ್ದೇನೆ. ಪದ್ಮ ಯಾವಾಗಲೂ ಸುಮ್ಮನಿರುತ್ತಿದ್ದಳು. ಮೊನ್ನೆ ಮಾತ್ರ ಸೌಟು ಕೆಳಗಿಟ್ಟಳು.

"ಅಲ್ಲ ಕಣ್ರೀ, ನರಿ ಕಾಯೋಕೆ ಹೋದ ಒಬ್ಬ ಮನುಷ್ಯನಿಗೆ ಎರಡು ಕಂಬಳಿ ಯಾಕೆ? ಇಷ್ಟು ವರ್ಷದಲ್ಲಿ ಒಂದು ದಿನವಾದ್ರೂ ಯೋಚನೆ ಮಾಡಿದ್ರಾ?"

ನಾನು ಮಾಡಿರಲಿಲ್ಲ.

"ಸುತ್ತಮುತ್ತ ಹೊಲದೋರೆಲ್ಲ ರಾತ್ರಿ ಕವಣೆ ಕಲ್ಲು ಇಟ್ಕೊಂಡು ಕೂತಿರೋರು. ಏನು ಅಲ್ಲಾಡಿದ್ರೂ ಬೀಸೋರು. ನನಗೆ ಜೀವ ಹಾರಿಹೋಗಿತ್ತು. ನಾಚಿಕೆ ಬಿಟ್ಟು ನೀವು ಬರೋ ವಿಷಯ ಅಪ್ಪನ ಹತ್ರ ಹೇಳಿದೆ. ಅಪ್ಪ ಕೋವಿಯ ತೋಟಾ ಎಲ್ಲಾ ತೆಗೆದು ದೇವರ ಗೂಡಲ್ಲಿಟ್ರು. ಖಾಲಿ ಕೋವಿ, ಎರಡು ಕಂಬಳಿ ತಗೊಂಡು, 'ಕೋಳಿ ಕೂಗಿದ್ ತಕ್ಷಣ ಕಾಫಿ ತಕಂಡ್ ಬಾ ಕಣವ್ವ, ಆವಾಗ ನಾನು ಆ ಕಡೀಕೆ ಓಯ್ತೀನಿ' ಅಂದು ಹೊರಟ್ರು. ಹಾಳಾದ್ ಕೋಳಿ ಕೂಗಿದ್ರೆ ತಾನೆ!"

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"'ಅಳಿಯಂದ್ರುಗೆ ನಾಚ್ಕೆ ಆಯ್ತದೆ, ಏಳ್ಬ್ಯಾಡ' ಅಂದಿದ್ರು ಅಪ್ಪ."

ಗುಂಡಿಲ್ಲದ ಕೋವಿಯನ್ನು ಅಷ್ಟು ಗಂಭೀರವಾಗಿ ಎತ್ತಿ ಗುರಿ ಹಿಡಿದಿದ್ದ ಮನುಷ್ಯ! ನನ್ನ ಮಾನ ಕಾಯಲು ಅವರು ಊರ ಮುಂದೆ ದಡ್ಡರಾದರು, ನಾನು ಅದನ್ನೇ ಹೇಳಿಕೊಂಡು ಜನರನ್ನು ನಗಿಸಿಕೊಂಡು ಬಂದೆ. ಅವರು ಬದುಕಿದ್ದಿದ್ದರೆ ಓಡಿಹೋಗಿ ಕಾಲು ಹಿಡಿಯುತ್ತಿದ್ದೆ. ಕಾಲು ಹಿಡಿದಿದ್ದರೆ "ಅದಿರ್ಲಿ, ಕೈಲೇನದು" ಎಂದು ಕೇಳುತ್ತಿದ್ದರೇನೋ.

ಆ ಸಂಜೆಯೇ ಕೂತು ಲೈಟಿಗೆ ಹೊಸ ವೈರು ಹಾಕಿದೆ. ನನ್ನ ಬೈಕಿನ ಬ್ಯಾಟರಿ ಕಳಚಿ ಅದಕ್ಕೆ ಜೋಡಿಸಿದೆ. ಹತ್ತಿತು.

ನಿನ್ನೆ ಶನಿವಾರ. ಮಧ್ಯಾಹ್ನವೇ ಮಗಳು ತಲೆಗೆ ಸ್ನಾನ ಮಾಡಿದಳು. ಸಂಜೆಯಿಂದ ಏನೋ ನೆಪ ತೆಗೆದು ಹಿತ್ತಲ ಬಾಗಿಲಿಗೆ ಹೋಗಿ ಬರುತ್ತಿದ್ದಳು. ಅವಳ ಗಂಡ ಎಚ್.ಡಿ. ಕೋಟೆಯಲ್ಲಿ ಹೈಸ್ಕೂಲ್ ಮೇಷ್ಟ್ರು. ದಿನವಿಡೀ ಫೋನಿನಲ್ಲಿ ಮುಖ ನೋಡಿಕೊಂಡೇ ಇರುತ್ತಾರೆ. ಆದರೂ ಫೋನಿನ ಮುಖ ಫೋನಿನ ಮುಖವೇ. ಊಟ ಮುಗಿಸಿ, ಎರಡು ಕಂಬಳಿ ತೆಗೆದುಕೊಂಡು ಹೋಗಿ ಹಿತ್ತಲ ಕಟ್ಟೆಯ ಮೇಲೆ ಹಾಸಿದೆ. ಪದ್ಮ ನೋಡಿದಳು, ಒಳಗೆ ಹೋಗಿ ಕಾಫಿಗೆ ಹಾಲು ತೆಗೆದಿಟ್ಟಳು.

ಕಾಲುವೆ ಏರಿಯ ಮೇಲೆ ಬಂದ ಬೈಕಿನ ಸದ್ದು ದೂರದಲ್ಲೇ ನಿಂತಿತು. ಸ್ವಲ್ಪ ಹೊತ್ತಿಗೆ ಬೇಲಿ ಅಲ್ಲಾಡಿತು. ಲೈಟು ಹಾಕಿದೆ. ಒಂದು ಕಾಲು ಬೇಲಿಯ ಒಳಗೆ, ಒಂದು ಕಾಲು ಹೊರಗೆ, ಕೈಯಲ್ಲೊಂದು ಪೊಟ್ಟಣ, ನಮ್ಮ ಅಳಿಯ ಕಣ್ಣು ಪಿಳಿಪಿಳಿ ಬಿಡುತ್ತಿದ್ದ. ಪಾಪ, ಅವನೂ ಬಿಳೀ ಶರ್ಟೇ ಹಾಕಿದ್ದ. ಬೆಳಕನ್ನು ಅವನ ಮುಖದಿಂದ ಇಳಿಸಿ ಕಾಲ ಹತ್ತಿರ ನಿಲ್ಲಿಸಿದೆ.

"ಮಾವ, ಅದು... ಇಲ್ಲೇ ಕೆ.ಆರ್. ನಗರದಲ್ಲಿ ಒಂದು ಮೀಟಿಂಗ್ ಇತ್ತು..."

"ಅದಿರಲಿ," ಎಂದೆ, "ಕೈಲೇನದು ಅಳಿಯಂದ್ರೇ?"