ಅಕ್ಕನ ಶುಕ್ರವಾರದ ಸಾಲು

ನಾನು ಚಿಕ್ಕವನಿದ್ದಾಗ ರಾಯಚೂರಿನಲ್ಲಿ ನಿಜಾಮರ ಆಳ್ವಿಕೆ. ವಾರದ ರಜೆ ಶುಕ್ರವಾರ. ಶಾಲೆಗೂ ರಜೆ, ಅಪ್ಪ ದುಡಿಯುತ್ತಿದ್ದ ಹತ್ತಿ ಮಿಲ್ಲಿಗೂ ರಜೆ. ಅಂದು ನಮ್ಮ ಮನೆಯಲ್ಲಿ ವಾರಕ್ಕಾಗುವಷ್ಟು ಜೋಳ ಬೀಸಬೇಕಿತ್ತು.

ಅವ್ವ ತೀರಿಹೋಗಿದ್ದಳು. ಮಾನ್ವಿಗೆ ಕೊಟ್ಟಿದ್ದ ಅಕ್ಕ ಕೆಮ್ಮಿನ ರೋಗ ಹತ್ತಿಸಿಕೊಂಡು ತವರಿಗೆ ಬಂದಿದ್ದಳು. ಗಂಡನ ಮನೆಯವರು ಮತ್ತೆ ಕರೆಯಲು ಬರಲೇ ಇಲ್ಲ. ಹೀಗಾಗಿ ಅಪ್ಪನೇ ಬೀಸುವ ಕಲ್ಲಿಗೆ ಕೂರುತ್ತಿದ್ದ. ಗಂಡಸು ಬೀಸುವುದನ್ನು ಕಂಡು ನೆರೆಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ನಗಲಿ ಬಿಡಿ, ಅವರ ಗಂಡಂದಿರಿಗೆ ಆ ಕಲ್ಲು ಎತ್ತಲೂ ಬರುತ್ತಿರಲಿಲ್ಲ.

ಅಕ್ಕ ಗೋಡೆಗೆ ಒರಗಿ ಬೀಸುವ ಹಾಡು ಹೇಳುತ್ತಿದ್ದಳು. ವಾರಕ್ಕೊಂದು ಹೊಸ ಸಾಲು ಕಟ್ಟಲೇಬೇಕು ಅವಳಿಗೆ. "ಹಳೇ ಹಾಡಿಗೆ ಕಲ್ಲು ತಿರುಗ್ತದ, ವಾರ ತಿರುಗಂಗಿಲ್ಲ" ಎನ್ನುತ್ತಿದ್ದಳು. ಆರು ದಿನ ಜ್ವರದಲ್ಲಿ ಬಿದ್ದಿದ್ದು, ಏಳನೆಯ ದಿನ ಆ ಒಂದು ಸಾಲಿಗಾಗಿ ಎದ್ದು ಕೂರುತ್ತಿದ್ದಳು.

ಅದನ್ನು ಬರೆದುಕೊಳ್ಳುವುದು ನನ್ನ ಕೆಲಸ. ಶಾಲೆಯಲ್ಲಿ ಕಲಿಸುತ್ತಿದ್ದುದು ಉರ್ದು. ಅಕ್ಕನ ಕನ್ನಡದ ಹಾಡನ್ನು ನಾನು ಉರ್ದು ಅಕ್ಷರಗಳಲ್ಲೇ ಬರೆಯುತ್ತಿದ್ದೆ. ಅಕ್ಕನಿಗಾಗಲಿ ಅಪ್ಪನಿಗಾಗಲಿ ಯಾವ ಅಕ್ಷರವೂ ಬರುತ್ತಿರಲಿಲ್ಲ. "ಮೆಲ್ಲಕ ತಿರುಗವ್ವ ಬೀಸುವ ಕಲ್ಲವ್ವ, ವಾರಗೋಳು ಹಿಟ್ಟಾಗಿ ಉದುರ್ಯಾವ" ಎಂಬ ಸಾಲು ಬರೆದಾಗ, ಓಡುವ ಪೆನ್ಸಿಲನ್ನೇ ನೋಡುತ್ತ ಅಕ್ಕ, "ನಾ ಹ್ವಾದ ಮ್ಯಾಲೂ ಇದು ಇರ್ತದಲ್ಲೋ ತಮ್ಮಾ?" ಎಂದು ಕೇಳಿದ್ದಳು.

ಮುಂದಿನ ಶುಕ್ರವಾರ ಹೊರಗೆ ಗೆಳೆಯರು ಚಿಣ್ಣಿಕೋಲು ಆಡಲು ಕೂಗುತ್ತಿದ್ದರು. ಅಕ್ಕ ಮೂರು ಸಲ ಕೆಮ್ಮಿ, ಹಣೆಯ ಬೆವರು ಒರೆಸಿಕೊಂಡು ಸಾಲು ಮುಗಿಸಿದಳು. ನನ್ನ ಕಿವಿ ಬೀದಿಯಲ್ಲಿತ್ತು. ಪುಸ್ತಕದಲ್ಲಿ ಸುಮ್ಮನೆ ಗೀಚಿ, "ಬರದೀನಿ" ಎಂದು ಓಡಿದೆ.

ಅದರ ಮುಂದಿನ ವಾರ ಅವಳಿಗೆ ಏಳಲಾಗಲಿಲ್ಲ. ಮಲಗಿದಲ್ಲಿಂದಲೇ, "ಹ್ವಾದ ವಾರದ್ದು ಓದೋ" ಎಂದಳು. ಕಲ್ಲವ್ವನ ಸಾಲನ್ನೇ ಓದಿದೆ.

"ಇದು ಅದರ ಹಿಂದಿಂದು. ಹ್ವಾದ ವಾರದ್ದು ನನಗ ನೆನಪಾಗವಲ್ದು, ಅದಕ್ಕ ಕೇಳಾಕತ್ತೀನಿ."

ನಾನು ಪುಸ್ತಕ ಮುಚ್ಚಿ ಬೆನ್ನ ಹಿಂದೆ ಹಿಡಿದೆ. ಅಪ್ಪನ ಕಲ್ಲು ನಿಂತಿತು. ಅವನು ಹೊಡೆದಿದ್ದರೆ ಚೆನ್ನಾಗಿತ್ತು, ಹೊಡೆಯಲಿಲ್ಲ. "ಇರ್ಲಿ ಬಿಡು, ಸಣ್ಣಾವ ಅದಾನ" ಎಂದು ಅಕ್ಕ ಗೋಡೆಯ ಕಡೆ ಮಗ್ಗುಲಾದಳು. ಇನ್ನೊಂದು ಶುಕ್ರವಾರ ಬರುವ ಮೊದಲೇ ಹೋಗಿಬಿಟ್ಟಳು. ದೇವದುರ್ಗದ ನೆಂಟರು ಮಣ್ಣಿಗೆ ಬಂದರು. ಮಾನ್ವಿಯಿಂದ ಯಾರೂ ಬರಲಿಲ್ಲ.

ಮೊಮ್ಮಕ್ಕಳೇ, ನಿಮ್ಮ ಮನೆಗೆ ಹಿಟ್ಟು ಚೀಲದಲ್ಲಿ ಬರುತ್ತದೆ. ನಿಮ್ಮ ನಗು, ಮಾತು, ಹಾಡು ಎಲ್ಲವೂ ಫೋನಿನಲ್ಲಿ ಉಳಿಯುತ್ತವೆ. ಆದರೂ ವಾರಕ್ಕೊಮ್ಮೆ ನೀವು ಬಂದಾಗ, "ಈ ವಾರ ಹೊಸದೇನು ಮಾಡಿದಿರಿ?" ಎಂದು ಈ ಮುದುಕ ತಲೆ ತಿನ್ನುತ್ತಾನೆ. ಬೇಸರ ಮಾಡಿಕೊಳ್ಳಬೇಡಿ. ಆ ಪುಸ್ತಕ ನನ್ನ ಪೆಟ್ಟಿಗೆಯಲ್ಲಿ ಇನ್ನೂ ಇದೆ. ಮೊನ್ನೆ ನೀವು ತೆರೆದು ನೋಡಿ, ಎಲ್ಲ ಸಾಲೂ ಒಂದೇ ಥರ ಇವೆ ಎಂದಿರಿ. ಉರ್ದು ಬಾರದ ನಿಮಗೆ ಹಾಗೇ ಕಾಣುತ್ತದೆ. ಅವುಗಳಲ್ಲಿ ಯಾವುದು ಬರೀ ಗೀಚು ಎಂಬುದು ನನಗೊಬ್ಬನಿಗೇ ಗೊತ್ತು.