ಅಕ್ಕೋರ ಶಿಷ್ಯೆ

ಅಜ್ಜಿ ಗಡಿಯಾರದ ಮುಖವನ್ನು ಮಣಿಕಟ್ಟಿನ ಒಳಬದಿಗೆ ಬರುವಂತೆ ಕಟ್ಟುತ್ತಿದ್ದರು. ಡೊಂಬಿವಲಿಯಿಂದ ಠಾಣೆಗೆ ಹೋಗುವ ಲೋಕಲ್ ರೈಲಿನಲ್ಲಿ ಮೇಲಿನ ಹಿಡಿಕೆ ಹಿಡಿದು ನಿಂತಾಗ ಕತ್ತು ಹೊರಳಿಸದೆ ವೇಳೆ ಕಾಣಬೇಕು. ತರಗತಿಯಲ್ಲಿ ಪುಸ್ತಕ ಹಿಡಿದು ನಿಂತಾಗ ತಾವು ವೇಳೆ ನೋಡಿದ್ದು ಮಕ್ಕಳಿಗೆ ತಿಳಿಯಬಾರದು. "ಅಕ್ಕೋರಿಗೇ ಮನೀಗೆ ಹೋಗೂ ಅವಸರ ಅಂತ ಗೊತ್ತಾದ್ರ ಹುಡುಗರು ಕೂಡ್ತಾವೇನು?" ಎನ್ನುತ್ತಿದ್ದರು.

ಉತ್ತರ ಕರ್ನಾಟಕದ ನಮ್ಮ ಕಡೆ ಶಿಕ್ಷಕಿಯನ್ನು ಅಕ್ಕೋರು ಎನ್ನುತ್ತಾರೆ. ಠಾಣೆಯ ಕನ್ನಡ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಅಜ್ಜಿಗೆ ಆ ಹೆಸರು ಎಷ್ಟು ಅಂಟಿತ್ತೆಂದರೆ ತರಕಾರಿ ಮಾರುವ ಮರಾಠಿ ಹೆಂಗಸೂ ಹಾಗೆಯೇ ಕರೆಯುತ್ತಿದ್ದಳು. ನಿವೃತ್ತಿಯಾದ ಮೇಲೆ ನಮ್ಮ ಫ್ಲ್ಯಾಟಿನ ಹಾಲ್‌ನಲ್ಲಿ ಗೋಡೆಗೊಂದು ಕರಿಹಲಗೆ ಹೊಡೆಸಿ ಬೆಳಗಿನ ಕ್ಲಾಸ್ ಶುರು ಮಾಡಿದರು. ಛಾವಣಿ ನೋಡುತ್ತಾ ಕುಳಿತ ಹುಡುಗನಿಗೆ, "ಏ ಶ್ಯಾಣ್ಯಾ, ಉತ್ತರ ಪಂಖಾದ ಮ್ಯಾಲ ಬರದೈತೇನು?" ಎಂದರೆ ಅವನೂ ನಗಬೇಕು, ಉಳಿದವರೂ ನಗಬೇಕು, ಲೆಕ್ಕವೂ ಮುಗಿಯಬೇಕು.

ಅವರ ಹಟ ಸಣ್ಣದಲ್ಲ. ಠಾಣೆಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ ವಿಜಯಪುರದ ಕಡೆಯವರೊಬ್ಬರು ಒಂಬತ್ತನೆಯ ತರಗತಿಗೆ ಮಗಳನ್ನು ಶಾಲೆ ಬಿಡಿಸಿದರು. ಹುಡುಗಿ ಅಳಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಸುಮ್ಮನೆ ಗಿರಣಿಯಲ್ಲಿ ಡಬ್ಬಿ ತೂಗಲು ನಿಂತಳು. ಅಜ್ಜಿ ಶಾಲೆ ಬಿಟ್ಟೊಡನೆ ಅಲ್ಲಿಗೆ ಹೋಗಿ ಜೋಳದ ಚೀಲದ ಮೇಲೆ ಕುಳಿತರು. "ಹುಡುಗಿ ನಾಳೆ ಸಾಲೀಗೆ ಬರ್ತಾಳಂತ ನಿಮ್ಮ ಬಾಯಿಂದ ಹೇಳ್ರಿ. ಅಲ್ಲೀತನಕ ನಾ ಏಳಂಗಿಲ್ಲ." ಗಿರಣಿಯವರು ಬೇಕೆಂದೇ ಯಂತ್ರ ನಿಲ್ಲಿಸಲಿಲ್ಲ. ತಲೆಯಿಂದ ಸೆರಗಿನವರೆಗೆ ಹಿಟ್ಟು ಮೆತ್ತಿಕೊಂಡು ಮನೆಗೆ ಬಂದ ಅಜ್ಜಿ ಗೆದ್ದಿದ್ದರು. ಆ ಹುಡುಗಿ ಈಗ ನೆರೂಳಿನ ಬ್ಯಾಂಕೊಂದರಲ್ಲಿ ಮ್ಯಾನೇಜರ್.

"ಹುಡುಗಿ ಕೈಯಾಗ ಆಕಿ ಪಗಾರ ಇರಬೇಕು" ಎಂಬ ಮಾತನ್ನು ನನಗೂ ಹೇಳಿ ಹೇಳಿ, ಎಂ.ಎಸ್ಸಿ. ಮಾಡಿಸಿ, ಬೇಲಾಪುರದ ಆಫೀಸಿನವರೆಗೆ ತಲುಪಿಸಿದವರು ಅವರೇ. ಅವರನ್ನು ನಾನು ಪ್ರೀತಿಸುತ್ತಿದ್ದೆ. ಅವರ ಮೇಲಿನ ಈ ಸಿಟ್ಟು ಇಷ್ಟು ಉರಿಯುವುದೂ ಅದಕ್ಕೇ.

ನನ್ನ ಅವ್ವ ಅವರ ವಿದ್ಯಾರ್ಥಿನಿ. ಗಣಿತದಲ್ಲಿ ಅವಳ ಸಮ ಆ ಶಾಲೆಯಲ್ಲಿ ಯಾರೂ ಇರಲಿಲ್ಲವಂತೆ. ಬಿ.ಎಸ್ಸಿ. ಓದುತ್ತಿದ್ದಾಗ ಅಜ್ಜಿಯೇ ಅವಳ ಮನೆಗೆ ಹೋಗಿ ತಮ್ಮ ಮಗನಿಗೆ ಹೆಣ್ಣು ಕೇಳಿದರು. ಓದು ಮುಗಿಯಲಿ ಎಂದು ಅವ್ವನ ತಂದೆ ಹಿಂಜರಿದಾಗ, "ನಾ ಓದಸ್ತೀನ್ರಿ. ನಾಳೆ ನನ್ನ ಕುರ್ಚಿ ಮ್ಯಾಲ ಕುಂದರಾಕಿ ಆಕಿನ" ಎಂದು ಮಾತು ಕೊಟ್ಟರು. ಮದುವೆಯಾಯಿತು. ಮೊದಲು ಅಜ್ಜನ ಪಾರ್ಶ್ವವಾಯು, ಆಮೇಲೆ ನಾನು, ಆಮೇಲೆ ತಮ್ಮ. ಪ್ರತಿ ಸಲವೂ "ಮುಂದಿನ ವರ್ಷ ನೋಡೂಣು." ಅಜ್ಜಿ ಒಂದು ದಿನವೂ ಶಾಲೆ ತಪ್ಪಿಸಲಿಲ್ಲ ಎಂದು ಜನ ಹೊಗಳುತ್ತಾರೆ. ಹೇಗೆ ತಪ್ಪಿಸುತ್ತಾರೆ? ಅಜ್ಜನ ಮೈ ಒರೆಸಲು ಮನೆಯಲ್ಲಿ ಅವ್ವ ಇದ್ದಳಲ್ಲ.

ಅತ್ತೆ ಇರುವವರೆಗೂ ಅವ್ವ ಅವರನ್ನು ಅಕ್ಕೋರೇ ಎಂದಳು.

ನಾನು ಕಾಲೇಜಿನಲ್ಲಿದ್ದಾಗ ಒಂದು ಬೆಳಿಗ್ಗೆ ಅಜ್ಜಿ ಹಲಗೆಯ ಮೇಲೆ ಸಮೀಕರಣ ಬಿಡಿಸುತ್ತಾ ಒಂದು ಚಿಹ್ನೆ ತಪ್ಪಿದರು. ಅಡುಗೆಮನೆಯಿಂದ ಅವ್ವನ ದನಿ ಬಂತು: "ಅಕ್ಕೋರೇ, ಅಲ್ಲಿ ಮೈನಸ್ ಆಗಬೇಕ್ರಿ." ಅವಳಿಗೆ ಹಲಗೆ ಕಾಣುತ್ತಿರಲಿಲ್ಲ. ಅಜ್ಜಿ ಓದಿದ್ದನ್ನು ಕೇಳಿಸಿಕೊಂಡೇ ತಲೆಯಲ್ಲಿ ಬಿಡಿಸಿದ್ದಳು. ಅಜ್ಜಿ ಅಳಿಸಿದರು, ಸರಿಯಾಗಿ ಬರೆದರು, ತಿರುಗಿ ನೋಡದೆ ಕೇಳಿದರು: "ಚಹಾ ಆತೇನವಾ?"

ಕಳೆದ ಮಳೆಗಾಲದಲ್ಲಿ, ಅವರ ಉಗುರು ಕತ್ತರಿಸುತ್ತಾ, ನಾನು ಕೇಳಿಯೇಬಿಟ್ಟೆ. "ಅಜ್ಜಿ, ಅವ್ವನ್ನ ಯಾಕ ಓದಿಸಲಿಲ್ಲ?"

ಅವರು ಇನ್ನೊಂದು ಕೈ ಮುಂದೆ ಚಾಚಿದರು. "ಆಕಿ ಕೇಳಲೇ ಇಲ್ಲಲ್ಲ" ಎಂದರು.

ಗಿರಣಿಯವರ ಹುಡುಗಿ ಕೇಳಿದ್ದಳೇ? ಕೇಳದ ಹುಡುಗಿಯರ ಬಾಗಿಲಿಗೆ ಜೀವಮಾನವಿಡೀ ಹೋದವರು ತಮ್ಮದೇ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಇದಾದ ಕೆಲವೇ ತಿಂಗಳಿಗೆ, ನ್ಯುಮೋನಿಯಾದಿಂದ ಅವರು ತೀರಿಕೊಂಡರು.

ಶ್ರದ್ಧಾಂಜಲಿ ಸಭೆ ಶಾಲೆಯ ಹಾಲ್‌ನಲ್ಲಿ ನಡೆಯಿತು. ಉಡುಪಿ ಕಡೆಯವರಾದ ಅಧ್ಯಕ್ಷರು ಮೈಕ್ ಹಿಡಿದು, "ತನ್ನ ಶಿಷ್ಯೆಯನ್ನೇ ಸೊಸೆ ಮಾಡಿಕೊಂಡರು ಮಾರಾಯ್ರೆ! ಇಂಥಾ ಗುರು ಎಲ್ಲಿ ಸಿಗ್ತಾರೆ? ಆ ಸೊಸೆ ಇಲ್ಲೇ ಎಲ್ಲೋ ಇದ್ದಾರೆ" ಎಂದರು. ಜನ ಚಪ್ಪಾಳೆ ತಟ್ಟಿದರು. ಅವ್ವ ಹಿಂದಿನ ಕೋಣೆಯಲ್ಲಿ ಚಹಾದ ಕಪ್ಪುಗಳನ್ನು ಜೋಡಿಸುತ್ತಿದ್ದಳು. ಎರಡು ಮಾತಾಡಲು ನನ್ನನ್ನು ಕರೆದರು. ಬೇಡವೆಂದು ತಲೆ ಅಲ್ಲಾಡಿಸಿದೆ, ಬಾಯಿ ತೆರೆದಿದ್ದರೆ ಎರಡಕ್ಕೆ ನಿಲ್ಲುತ್ತಿರಲಿಲ್ಲ.

ಚಹಾದ ಹೊತ್ತಿನಲ್ಲಿ ನೆರೂಳಿನ ಆ ಮ್ಯಾನೇಜರ್ ಅವ್ವನ ಹತ್ತಿರ ಬಂದು ಪ್ರೀತಿಯಿಂದಲೇ ವಿಚಾರಿಸಿದರು. "ನೀವೂ ಅಕ್ಕೋರ ಸ್ಟೂಡೆಂಟಂತ! ನೀವು ಎಲ್ಲಿ ಕೆಲಸ ಮಾಡ್ತೀರಿ?"

ಕಿಟ್ಲಿ ಹಿಡಿದಿದ್ದ ಅವ್ವ ನಕ್ಕಳು. "ಮನ್ಯಾಗ ರೀ. ಸಕ್ಕರಿ ಹಾಕ್ಲೇನು?"

ಮರುದಿನ ಬೆಳಿಗ್ಗೆ ಆರಕ್ಕೆ ಬೆಲ್ ಆಯಿತು. ಬಾಗಿಲಲ್ಲಿ ಚೀಲ ಹೊತ್ತ ಮಕ್ಕಳು. ಅಜ್ಜಿ ಹೋದದ್ದು ಅವರಿಗೆ ಗೊತ್ತಿತ್ತು. ಸಭೆಯ ತನಕ ರಜೆ ಎಂದಷ್ಟೇ ತಿಳಿದಿದ್ದರು, ಕ್ಲಾಸ್ ಮುಗಿಯಿತೆಂದು ಯಾರೂ ಹೇಳಿರಲಿಲ್ಲ. "ದೀದಿ, ಆಜ್ ಕ್ಲಾಸ್ ಹೈ ಕ್ಯಾ?" ಎಂದಳು ಮುಂದಿದ್ದವಳು.

ಅಪ್ಪ ಪೇಪರಿನ ಹಿಂದಿನಿಂದ, "ಇಲ್ಲಂತ ಹೇಳು" ಎಂದರು.

"ಐತಿ. ಒಳಗ ಬರ್ರಿ" ಎಂದೆ.

ಅಡುಗೆಮನೆಗೆ ಹೋಗಿ ಗ್ಯಾಸ್ ಆರಿಸಿದೆ. ಅವ್ವನ ಕೈಯಲ್ಲಿ ರೊಟ್ಟಿಯ ಹಿಟ್ಟಿತ್ತು. "ಹುಚ್ಚಿ, ಏನಿದು? ನನಗೆಲ್ಲಾ ಮರ್ತೈತಿ" ಎಂದಳು. ತೋಳು ಹಿಡಿದು ಹಾಲ್‌ಗೆ ಕರೆತಂದೆ. ಮಕ್ಕಳು ಎದ್ದು ನಿಂತರು. ಅವ್ವ ಹಲಗೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಕಣ್ಣಲ್ಲಿ ಕೃತಜ್ಞತೆಯೇನೂ ಇರಲಿಲ್ಲ, ನನ್ನ ಮೇಲೆ ಸಿಟ್ಟಿತ್ತು.

"ನಾಷ್ಟಾ ಏನು ಹಂಗಾದ್ರ?" ಅಪ್ಪ ಕೇಳಿದರು.

ಅವ್ವ ತಟ್ಟನೆ ಒಳಕ್ಕೆ ತಿರುಗಿದಳು. ನಾನು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತೆ.